ಕುಳುವ ನುಡಿ ಮತ್ತು ಅದರ ಬಳಗ: ತುಂಗಭದ್ರೆಯ ಎರಡು ದಂಡೆಗಳಿಂದ ಒಂದು ವಿಚಾರ

ಆನೆಗೊಂದಿ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಪ್ರದೇಶದ ಭಾಷಿಕ ಸ್ವರೂಪವನ್ನು ಕುರಿತ ಚರ್ಚೆಗಳು ಸಾಮಾನ್ಯವಾಗಿ ಕನ್ನಡದ ಉಪಭಾಷೆ, ಉರ್ದು ಮತ್ತು ತೆಲುಗಿನ ಪ್ರಭಾವಗಳಿಗೆ ಸೀಮಿತಗೊಳ್ಳುತ್ತವೆ. ಇದೇ ಪ್ರದೇಶದಲ್ಲಿ ಬುಟ್ಟಿ ಹೆಣೆಯುವ, ಹಂದಿ ಸಾಕುವ, ಕಣಿ ಹೇಳುವ ವೃತ್ತಿಗಳಿಂದ ಗುರುತಿಸಲ್ಪಟ್ಟ ಕೊರಮ, ಕೊರಚ ಸಮುದಾಯಗಳ ಮನೆಮಾತು ಈ ಚರ್ಚೆಗಳ ಹೊರಗೇ ಉಳಿದಿದೆ. ಆ ನುಡಿಯ ಸಂಬಂಧಗಳನ್ನು ಗುರುತಿಸುವ ಬಗೆಯನ್ನೂ, ಅದು ಅಧ್ಯಯನದಿಂದ ಜಾರಿಹೋದ ಕಾರಣಗಳನ್ನೂ ಪ್ರಸ್ತುತ ಲೇಖನದಲ್ಲಿ ಪರಿಶೀಲಿಸಲಾಗಿದೆ.

ಈ ನುಡಿಗೆ ಒಂದೇ ಹೆಸರಿಲ್ಲ. ಕರ್ನಾಟಕದಲ್ಲಿ ಅದು ಕುಳುವ ಅಥವಾ ಕೊರವ, ಆಂಧ್ರ, ತೆಲಂಗಾಣಗಳಲ್ಲಿ ಎರುಕಲ, ಆಡುವವರ ಬಾಯಲ್ಲಿ ಕುರ್ರು, ಮಹಾರಾಷ್ಟ್ರದಲ್ಲಿ ಕೈಕಾಡಿ. ಹೆಸರುಗಳಂತೆ ಆಡಳಿತದ ವರ್ಗಗಳೂ ಬೇರೆ ಬೇರೆ. ಕರ್ನಾಟಕದಲ್ಲಿ ಕೊರಮ, ಕೊರಚರು ಪರಿಶಿಷ್ಟ ಜಾತಿ. ಆಂಧ್ರ, ತೆಲಂಗಾಣಗಳಲ್ಲಿ ಎರುಕಲರು ಪರಿಶಿಷ್ಟ ಪಂಗಡ. ಮಹಾರಾಷ್ಟ್ರದ ಹೆಚ್ಚಿನ ಭಾಗಗಳಲ್ಲಿ ಕೈಕಾಡಿಗಳು ವಿಮುಕ್ತ ಜಾತಿ. ಭಾಷಾವಿಜ್ಞಾನಿಗಳು ಇವನ್ನು ದಕ್ಷಿಣ ದ್ರಾವಿಡದಲ್ಲಿ ತಮಿಳಿಗೆ ಹತ್ತಿರದ ನುಡಿಗಳೆಂದು ಪರಿಗಣಿಸಿದ್ದಾರೆ. 2001ರ ಜನಗಣತಿಯು ಕೊರವ, ಕೈಕಾಡಿ, ಎರುಕಲ ಮೂರನ್ನೂ ತಮಿಳು ಎಂಬ ಶೀರ್ಷಿಕೆಯಡಿಯ ತಾಯ್ನುಡಿಗಳಾಗಿ ಎಣಿಸಿತು. ಹತ್ತಿರದ ನಂಟು ಇದೆ ಎಂಬುದು ಬೇರೆ, ಅದೇ ಭಾಷೆ ಎಂಬುದು ಬೇರೆ. ಗಣತಿಯ ಪಟ್ಟಿಯಲ್ಲಿ ಈ ಅಂತರ ಅಳಿಸಿಹೋಗುತ್ತದೆ.

ನಮ್ಮ ಪ್ರದೇಶದ ಮಟ್ಟಿಗೆ ಅಳಿಸುವಿಕೆಯ ಇತಿಹಾಸ ಇನ್ನೂ ಹಳೆಯದು. ಗ್ರಿಯರ್ಸನ್ ಅವರ ಭಾರತೀಯ ಭಾಷಾ ಸರ್ವೇಕ್ಷಣೆಯ ನಾಲ್ಕನೆಯ ಸಂಪುಟ (1906) ಕೊರವ ಮತ್ತು ಕೈಕಾಡಿಗಳನ್ನು ತಮಿಳಿನ ಪ್ರಭೇದಗಳೆಂದು ವಿವರಿಸಿತು. ಆದರೆ ಮದ್ರಾಸ್ ಪ್ರಾಂತ, ಹೈದರಾಬಾದ್ ಮತ್ತು ಮೈಸೂರು ಸಂಸ್ಥಾನಗಳು ಆ ಸರ್ವೇಕ್ಷಣೆಯ ವ್ಯಾಪ್ತಿಗೆ ಒಳಪಡಲಿಲ್ಲ. ಆಗ ಆನೆಗೊಂದಿಯ ದಂಡೆ ನಿಜಾಮರ ಆಳ್ವಿಕೆಯಲ್ಲಿತ್ತು. ಎದುರು ದಂಡೆಯ ಹಂಪಿ, ಹೊಸಪೇಟೆಗಳು ಮದ್ರಾಸ್ ಪ್ರಾಂತದ ಬಳ್ಳಾರಿ ಜಿಲ್ಲೆಯಲ್ಲಿದ್ದವು. ಹೀಗಾಗಿ ನದಿಯ ಎರಡೂ ದಂಡೆಗಳ ಕುಳುವ ನುಡಿ ದಾಖಲಾತಿಯಿಂದ ತಪ್ಪಿಹೋಯಿತು. ಒಂದು ನುಡಿಯನ್ನಾಡುವ ಜನರನ್ನು ರಾಜಕೀಯ ಗಡಿಗಳು ಹಂಚಿಕೊಂಡವು. ಪ್ರತಿ ಗಡಿಯೊಳಗೂ ಅವರಿಗೆ ಬೇರೆ ಹೆಸರು ಬಂತು.

ಇಂಥ ಸ್ಥಿತಿ ನಮಗಷ್ಟೇ ವಿಶಿಷ್ಟವಲ್ಲ. ಅಮೆರಿಕದ ಆಗ್ನೇಯ ಭಾಗದ ಮಸ್ಕೋಗಿಯನ್ ಭಾಷಾವರ್ಗದಲ್ಲಿ ಚಾಕ್ಟಾ ಮತ್ತು ಚಿಕಸಾ ತೀರ ಹತ್ತಿರದ ನುಡಿಗಳಾಗಿದ್ದರೂ ಎರಡು ಪ್ರತ್ಯೇಕ ಜನಾಂಗಗಳ ಹೆಸರಿನಲ್ಲಿ ನಿಂತಿವೆ. ಅಲಬಾಮಾ ಮತ್ತು ಕೊಅಸಾಟಿ ನುಡಿಗಳನ್ನು ಮೇರಿ ಹಾಸ್ 1941ರಲ್ಲಿ ಪೂರ್ವ ಶಾಖೆಗೆ ಸೇರಿಸಿದರು. ಪಮೇಲಾ ಮನ್ರೋ ಅನಂತರ ಅವನ್ನು ಚಾಕ್ಟಾ-ಚಿಕಸಾಗಳ ಜೊತೆಗಿಟ್ಟರು. ಅದೇ ವರ್ಗದ ಅಪಲಾಚಿ ಅಳಿದುಹೋಗಿದೆ. ಅದರ ಪರಿಚಯ ಮುಖ್ಯವಾಗಿ 1688ರಲ್ಲಿ ಸ್ಪೇನಿನ ದೊರೆಗೆ ಬರೆದ ಒಂದು ಪತ್ರದಿಂದ ದೊರೆಯುತ್ತದೆ. ಕೊಡವ, ತೋಡ, ಕೋತ ನುಡಿಗಳನ್ನು ಅಭ್ಯಾಸ ಮಾಡಿದ ಎಂ.ಬಿ. ಎಮೆನೋ ಮತ್ತು ಹಾಸ್ ಇಬ್ಬರೂ ಎಡ್ವರ್ಡ್ ಸಪೀರ್ ಅವರ ಬಳಿ ಕಲಿತವರು, ಬರ್ಕ್ಲಿಯಲ್ಲಿ ಸಹೋದ್ಯೋಗಿಗಳಾಗಿದ್ದವರು ಎಂಬುದು ಇಲ್ಲಿ ಸ್ಮರಣೀಯ. ಎರಡು ಖಂಡಗಳ ಕೆಲಸದ ಹಿಂದೆ ಇದ್ದ ವಿಧಾನ ಒಂದೇ: ಆಡುವವರ ಎದುರು ಕುಳಿತು ಬರೆದುಕೊಳ್ಳುವುದು, ಬಳಿಕ ಹೋಲಿಸುವುದು.

ಹೋಲಿಕೆಯಲ್ಲಿ ಎಚ್ಚರ ಅಗತ್ಯ. ಎರಡು ನುಡಿಗಳು ಮೂಲ ರೂಪವನ್ನು ಉಳಿಸಿಕೊಂಡಿರುವುದು ಅವುಗಳ ವಿಶೇಷ ನಂಟಿಗೆ ಸಾಕ್ಷಿಯಾಗದು. ಇಬ್ಬರೂ ಕೂಡಿ ಮಾಡಿಕೊಂಡ ಬದಲಾವಣೆಯೇ ಸಾಕ್ಷಿ. ಉದಾಹರಣೆಗೆ ಹೊಸಗನ್ನಡದ 'ಹಾಲು' ತಮಿಳಿನಲ್ಲಿ 'ಪಾಲ್', ತೆಲುಗಿನಲ್ಲಿ 'ಪಾಲು'. ಕುಳುವದಲ್ಲಿ ಪಕಾರ ದೊರೆತರೆ ಅದರಿಂದ ಹೆಚ್ಚೇನೂ ಸಿದ್ಧವಾಗದು, ಹಳಗನ್ನಡದಲ್ಲೂ ಪಕಾರವೇ ಇತ್ತು. 'ಕಿವಿ'ಗೆ ಚಕಾರಾದಿ ರೂಪ ದೊರೆತರೆ ಅದು ಕನ್ನಡದಿಂದ ಬೇರೆ ಎನ್ನಬಹುದು. ಆದರೆ ತಮಿಳು, ತೆಲುಗು ಎರಡರಲ್ಲೂ 'ಚೆವಿ' ಇರುವುದರಿಂದ ಯಾವುದರ ಕಡೆಗೆ ಎಂದು ಹೇಳಲಾಗದು. 'ನಾವು' ಎಂಬುದರಲ್ಲಿ ಕೇಳುಗನನ್ನು ಸೇರಿಸುವ, ಬಿಡುವ ಎರಡು ರೂಪಗಳಿವೆಯೇ ಎಂಬುದೂ ಇಂಥದೇ ಪರೀಕ್ಷೆ: ಆ ಭೇದ ತಮಿಳು, ತೆಲುಗುಗಳಲ್ಲಿದೆ, ಇಂದಿನ ಕನ್ನಡದಲ್ಲಿಲ್ಲ.

ಇವೆಲ್ಲಕ್ಕಿಂತ ಬಲವಾದುದು 'ಐದು' ಎಂಬ ಸಂಖ್ಯೆ. ಬರೆಹದ ತಮಿಳಿನ 'ಐಂದು' ಆಡುಮಾತಿನಲ್ಲಿ 'ಅಂಜು' ಆಗಿದೆ, ಮಲಯಾಳದಲ್ಲೂ ಹಾಗೆಯೇ. ಕನ್ನಡ, ತೆಲುಗುಗಳಲ್ಲಿ ಈ ಬದಲಾವಣೆ ಇಲ್ಲ. ಆದರೆ ಸಂಖ್ಯಾವಾಚಕಗಳು ಸಂತೆಯಲ್ಲಿ ಕೈಬದಲಾಗುವ ಪದಗಳು. ಆದುದರಿಂದ ಅದೇ ಧ್ವನಿವ್ಯತ್ಯಾಸ ಕ್ರಿಯಾಪದದಲ್ಲೂ ಇದೆಯೇ ಎಂದು ನೋಡಬೇಕು. ಕನ್ನಡದ 'ಮೇಯ್ದು' ಎಂಬುದಕ್ಕೆ ಬರೆಹದ ತಮಿಳಿನಲ್ಲಿ 'ಮೇಯ್ಂದು', ಆಡುಮಾತಿನಲ್ಲಿ 'ಮೇಂಜು'. ಇಂಥ ರೂಪಗಳು ಕ್ರಮಬದ್ಧವಾಗಿ ದೊರೆತಾಗ ಮಾತ್ರ ನಂಟು ಎರವಲಿನದಲ್ಲ, ಒಡಹುಟ್ಟಿನದು ಎನ್ನಬಹುದು. ಹತ್ತು ಪದಗಳ ಪಟ್ಟಿಯಿಂದ ಇದು ಸಾಧ್ಯವಿಲ್ಲ. ವಾಕ್ಯಗಳು, ಕಥನಗಳು, ಕ್ರಿಯಾರೂಪಗಳು ಬೇಕು.

ಒಂದು ವ್ಯಾಕರಣ ಎಷ್ಟು ಮಾಡಬಲ್ಲದು ಎಂಬುದಕ್ಕೆ ಕರಾವಳಿಯ ಕೊರಗ ನುಡಿ ನಿದರ್ಶನ. ಡಿ.ಎನ್. ಶಂಕರ ಭಟ್ಟರು 1971ರಲ್ಲಿ ಅದರ ವಿವರಣೆಯನ್ನು ಪ್ರಕಟಿಸಿ, ಉತ್ತರ ದ್ರಾವಿಡದೊಡನೆ ಅದಕ್ಕಿರಬಹುದಾದ ನಂಟನ್ನು ಚರ್ಚೆಗೆ ತಂದರು. ಇತರರು ಅದನ್ನು ದಕ್ಷಿಣ ದ್ರಾವಿಡದಲ್ಲಿ ತುಳುವಿನ ಬಳಿ ಇರಿಸಿದರು. ಒಪ್ಪಲು, ವಿರೋಧಿಸಲು ಸಾಮಗ್ರಿ ಇದ್ದುದರಿಂದಲೇ ಈ ವಾದ ನಡೆಯಿತು.

ಕುಳುವ ನುಡಿಯ ಕ್ಷೇತ್ರಕಾರ್ಯಕ್ಕೆ ಒಂದು ವಿಶೇಷ ತೊಡಕಿದೆ. 1871ರ ಅಪರಾಧಿ ಬುಡಕಟ್ಟುಗಳ ಕಾಯಿದೆಯ ಪರಂಪರೆಯು ಕೊರವ, ಎರುಕಲ ಸಮುದಾಯಗಳನ್ನು ಹುಟ್ಟಿನಿಂದಲೇ ಅಪರಾಧಿಗಳೆಂದು ಗುರುತಿಸಿತು. ವಸಾಹತು ಕಾಲದ ಪೊಲೀಸ್ ಬರೆಹಗಳು ಇಂಥ ಸಮುದಾಯಗಳ ಮಾತನ್ನು ಕಳ್ಳರ ಗುಪ್ತಭಾಷೆಯ ಹಾಗೆ ಕಂಡವು. ಕಾಯಿದೆ 1952ರಲ್ಲಿ ರದ್ದಾಯಿತು. ಆದರೆ ಮನೆಮಾತನ್ನು ಹೊರಗೆ ಆಡದಿರುವ ಎಚ್ಚರ ರದ್ದಾಗಲಿಲ್ಲ. ಆದುದರಿಂದ ಪಟ್ಟಿ ಹಿಡಿದು ಪದ ಕೇಳಲು ಬರುವ ಸಂಶೋಧಕನೂ ಅವರಿಗೆ ಹಳೆಯ ಅಧಿಕಾರಿಯಂತೆ ಕಂಡರೆ ಆಶ್ಚರ್ಯವಿಲ್ಲ.

ಈ ಹಿನ್ನೆಲೆಯಲ್ಲಿ ಕೆಲಸ ಆ ಸಮುದಾಯದ ವಿದ್ಯಾರ್ಥಿಗಳಿಂದಲೇ ಆರಂಭವಾಗುವುದು ಉಚಿತ. ಕೊಪ್ಪಳ ಜಿಲ್ಲೆಯ ಕಾಲೇಜುಗಳ ಕನ್ನಡ ಅಧ್ಯಾಪಕರು ಭಾಷಾವಿಜ್ಞಾನದ ಪತ್ರಿಕೆಯನ್ನು ಬೋಧಿಸುವಾಗ ಉದಾಹರಣೆಗಳನ್ನು ಪಠ್ಯದಿಂದಷ್ಟೇ ತೆಗೆದುಕೊಳ್ಳಬೇಕಾಗಿಲ್ಲ. ವಿದ್ಯಾರ್ಥಿಯ ಒಪ್ಪಿಗೆ ಪಡೆದು, ಅವನ ಅಥವಾ ಅವಳ ಅಜ್ಜಿಯ ಮಾತನ್ನು ಕನ್ನಡ ಲಿಪಿಯಲ್ಲಿ ಬರೆದಿಡುವುದು, ಅದರ ಪ್ರತಿಯನ್ನು ಮೊದಲು ಆ ಮನೆಗೇ ಕೊಡುವುದು ಸಾಧ್ಯವಿರುವ ಕೆಲಸ. 1991ರಲ್ಲಿ ಸ್ಥಾಪನೆಯಾದ ಕನ್ನಡ ವಿಶ್ವವಿದ್ಯಾಲಯ ಎದುರು ದಂಡೆಯಲ್ಲೇ ಇದೆ. ಗ್ರಿಯರ್ಸನ್ ಅವರ ಸರ್ವೇಕ್ಷಣೆ ದಾಟದ ಹೊಳೆಯನ್ನು ನಾವು ದಾಟದಿದ್ದರೆ, ಅದಕ್ಕೆ ಗಡಿಯ ನೆಪ ಇನ್ನು ಉಳಿದಿಲ್ಲ.