ಪಾರಿವಾಳದ ಲಾಗಕ್ಕೆ ಗುರು ಯಾರು?

ಪ್ರಶ್ನೆ: ನಮ್ಮ ಓಣ್ಯಾಗ ಒಬ್ಬ ಹುಡುಗ ಪಾರಿವಾಳ ಸಾಕ್ಯಾನ. ಅದರಾಗ ಎರಡು ಹಕ್ಕಿ ಮ್ಯಾಲೆ ಹಾರಕೋಂತ ಇದ್ದಾಗ ಒಮ್ಮೆಲೆ ಹಿಂದಕ್ಕ ಲಾಗಾ ಹೊಡಕೋಂತ ಕೆಳಗ ಬರತಾವು, ಮತ್ತ ಸಂಬಾಳಿಸಿಕೊಂಡು ಹಿಂಡಿಗೆ ಸೇರತಾವು. ‘ನಾನಾ ಕಲಿಸೀನಿ’ ಅಂತಾನ ಹುಡುಗ. ‘ಅದಕ್ಕ ಮೂರ್ಛೆರೋಗ ಐತಿ’ ಅಂತಾರ ನಮ್ಮ ಮುತ್ಯಾ. ಖರೆ ಯಾವುದು? ಗೋಳಗುಮ್ಮಟದಾಗ ಅಷ್ಟೊಂದು ಪಾರಿವಾಳ ಅದಾವು, ಅವು ಯಾಕ ಹಿಂಗ ಮಾಡೂದಿಲ್ಲ?
— ಬಬಲೇಶ್ವರದ ಓದುಗರೊಬ್ಬರು

ಉತ್ತರ: ಹುಡುಗನ ಮಾತನ್ನು ಮೊದಲು ಬಗೆಹರಿಸಿಬಿಡೋಣ. ಅವನು ಕಲಿಸಿಲ್ಲ, ಕಲಿಸುವುದು ಯಾರಿಂದಲೂ ಆಗದು. ಶಿಳ್ಳೆ ಕೇಳಿ ಮೇಲೇಳುವುದು, ಕಾಳಿನ ಡಬ್ಬಿ ಅಲುಗಿಸಿದರೆ ಮಾಳಿಗೆಗೆ ಇಳಿಯುವುದು, ಹೊತ್ತು ಮುಳುಗುವ ಮುಂಚೆ ಗೂಡು ಸೇರುವುದು, ಇವನ್ನು ರೂಢಿ ಮಾಡಿಸಬಹುದು. ಅಷ್ಟರ ಮಟ್ಟಿಗೆ ಅವನಿಗೆ ಶಹಬ್ಬಾಸ್ ಹೇಳಿ. ಲಾಗ ಮಾತ್ರ ಹಕ್ಕಿ ಹುಟ್ಟುವಾಗಲೇ ತಂದದ್ದು. ಚಾರ್ಲ್ಸ್ ಡಾರ್ವಿನ್ ತಾನೇ ಪಾರಿವಾಳ ಸಾಕಿದ್ದವನು, ಲಂಡನ್ನಿನ ಪಾರಿವಾಳ ಸಾಕುವವರ ಸಂಘಗಳಿಗೂ ಸೇರಿದ್ದವನು. ಲಾಗ ಹಾಕುವ ಹಕ್ಕಿಯನ್ನು ಒಮ್ಮೆಯೂ ಕಾಣದ ಮರಿಗಳು ಕೂಡ ಲಾಗ ಹಾಕಿದ್ದನ್ನು ಕಣ್ಣಾರೆ ಕಂಡೆನೆಂದು ಅವನು 1859ರ ತನ್ನ ಹೆಸರಾಂತ ಪುಸ್ತಕದಲ್ಲಿ ಬರೆದಿದ್ದಾನೆ. ಇಂಥದನ್ನು ಕಲಿಸಬೇಕೆಂಬ ಯೋಚನೆಯೇ ಯಾರಿಗೂ ಬಂದಿರಲಾರದು ಎಂಬುದು ಅವನ ವಾದ.

ಅದೇ ಪುಸ್ತಕದಲ್ಲಿ, ಭಾರತದಿಂದ ಪಾರಿವಾಳದ ಚರ್ಮಗಳನ್ನು ಕಳಿಸಿಕೊಟ್ಟದ್ದಕ್ಕೆ ಡಾರ್ವಿನ್ ಒಬ್ಬರನ್ನು ನೆನೆಯುತ್ತಾನೆ: ವಾಲ್ಟರ್ ಎಲಿಯಟ್. ಈ ಹೆಸರು ನಮ್ಮ ಕಡೆಯವರಿಗೆ ಹೊಸದಲ್ಲ. 1824ರಲ್ಲಿ ಕಿತ್ತೂರಿನ ಕಾಳಗದಲ್ಲಿ ಬ್ರಿಟಿಷ್ ಅಧಿಕಾರಿ ಥ್ಯಾಕರೆ ಸತ್ತಾಗ ರಾಣಿ ಚೆನ್ನಮ್ಮನ ಕೈಗೆ ಸೆರೆ ಸಿಕ್ಕ ಇಬ್ಬರು ತರುಣ ಅಧಿಕಾರಿಗಳಲ್ಲಿ ಈತ ಒಬ್ಬ. ಜೀವಸಹಿತ ಬಿಡುಗಡೆಯಾಗಿ ಮುಂದೆ ಕನ್ನಡ ಶಾಸನಗಳ ಪ್ರತಿ ಮಾಡಿಸಿದ, ಹಕ್ಕಿ, ಪ್ರಾಣಿಗಳನ್ನು ಸಂಗ್ರಹಿಸಿದ. ಕಿತ್ತೂರಿನವರು ಅವನನ್ನು ಉಳಿಸದಿದ್ದರೆ ಡಾರ್ವಿನ್ನನ ಮೇಜಿಗೆ ನಮ್ಮ ದೇಶದ ಪಾರಿವಾಳ ತಲುಪುತ್ತಿತ್ತೋ ಇಲ್ಲವೋ.

1868ರ ಇನ್ನೊಂದು ಗ್ರಂಥದಲ್ಲಿ ಡಾರ್ವಿನ್ ಬೆರಗಿನಿಂದ ವರ್ಣಿಸುವ ಹಕ್ಕಿ ಭಾರತದ ‘ಲೋಟನ್’. ಅದನ್ನು ಮೆಲ್ಲಗೆ ಅಲುಗಿಸಿ ನೆಲಕ್ಕೆ ಬಿಟ್ಟರೆ ಸಾಕು, ತಲೆಕೆಳಗಾಗಿ ಉರುಳತೊಡಗುತ್ತದೆ. ಎತ್ತಿಕೊಂಡು ಮುಖಕ್ಕೆ ಊದಿ ಸಮಾಧಾನ ಮಾಡಿದರಷ್ಟೇ ನಿಲ್ಲುತ್ತದೆ. ನಿಮ್ಮ ಮುತ್ಯಾ ಇದನ್ನು ಕಂಡಿದ್ದರೆ ತಮ್ಮ ಮಾತೇ ಖರೆ ಎನ್ನುತ್ತಿದ್ದರು.

ಮುತ್ಯಾ ಪೂರ್ತಿ ತಪ್ಪಿಲ್ಲ. ಲಾಗದ ಮೂಲ ಹಕ್ಕಿಯ ನರಮಂಡಲದಲ್ಲೇ ಇದೆ. ಹೀಗೆ ಲಾಗದ ಮೇಲೆ ಲಾಗ ಹಾಕುವ ‘ರೋಲರ್’ ತಳಿಯ ಮರಿ ಮೊದಮೊದಲು ಎಲ್ಲ ಪಾರಿವಾಳಗಳಂತೆ ನೆಟ್ಟಗೇ ಹಾರುತ್ತದೆ. ಕೆಲವು ವಾರ, ಕೆಲವೊಮ್ಮೆ ತಿಂಗಳುಗಳು ಕಳೆದ ಮೇಲೆ ಹಾರುತ್ತಿದ್ದಂತೆಯೇ ಬಾಲ ಅಗಲಿಸಿ ಹಿಂದಕ್ಕೆ ಕುಳಿತಂತೆ ಮಾಡುತ್ತದೆ. ಆಮೇಲೆ ಅರ್ಧ ಲಾಗ, ಒಂದು ಪೂರ್ತಿ ಲಾಗ, ಕೊನೆಗೆ ಲಾಗದ ಮೇಲೆ ಲಾಗ. ಟಂಬ್ಲರ್ ತಳಿ ಒಂದೆರಡು ಸಲ ಮಗುಚಿ ಮುಂದೆ ಸಾಗಿದರೆ, ರೋಲರ್ ರೆಕ್ಕೆ ಮೇಲೆತ್ತಿ ಎಷ್ಟು ವೇಗವಾಗಿ ಹಿಂದಕ್ಕೆ ಸುತ್ತುತ್ತದೆಂದರೆ, ಕೆಳಗೆ ನಿಂತವನಿಗೆ ಜಾರಿಬಿದ್ದ ನೂಲಿನ ಉಂಡೆಯಂತೆ ಕಾಣುತ್ತದೆ. ಈಗ ಲೋಕದಲ್ಲಿ ಹೆಚ್ಚು ಹೆಸರಾಗಿರುವ ಬರ್ಮಿಂಗ್‌ಹ್ಯಾಮ್ ರೋಲರ್ ಇಂಗ್ಲೆಂಡಿನ ಅದೇ ಹೆಸರಿನ ಊರಿನ ಸುತ್ತ ಬೆಳೆದುಬಂದದ್ದು. ‘ಪಾರ್ಲರ್’ ಎಂಬ ಇನ್ನೊಂದು ತಳಿಗೆ ಹಾರಲೇ ಬಾರದು. ರೆಕ್ಕೆ ಬಡಿದ ಕೂಡಲೇ ನೆಲದ ಮೇಲೆ ಹಿಂದಕ್ಕೆ ಉರುಳಿ ಹೋಗುತ್ತದೆ. ಅದರ ಮೇಲೆ ನಡೆದ ಪ್ರಯೋಗಗಳು ಮಿದುಳಿನ ಸಿರೊಟೋನಿನ್ ಎಂಬ ರಾಸಾಯನಿಕಕ್ಕೆ ಈ ಉರುಳಾಟದಲ್ಲಿ ಪಾತ್ರವಿದೆ ಎಂದು ತೋರಿಸಿವೆ.

ಹಾಗಾದರೆ ಮೂರ್ಛೆರೋಗವೇ? ನಾನು ಹಾಗೆನ್ನಲಾರೆ. ಮೂರ್ಛೆ ಹೋದವರು ಎದ್ದ ತಕ್ಷಣ ಜೊತೆಯವರನ್ನು ಹುಡುಕಿಕೊಂಡು ಸಾಲಿಗೆ ನಿಲ್ಲುವುದಿಲ್ಲ. ಒಳ್ಳೆಯ ರೋಲರ್ ಲಾಗ ಮುಗಿದ ಮರುಕ್ಷಣವೇ ಹಿಂಡಿನತ್ತ ಏರುತ್ತದೆ. ವಿದೇಶಗಳ ಸ್ಪರ್ಧೆಗಳಲ್ಲಿ ಹಿಂಡಿನ ಹಲವು ಹಕ್ಕಿ ಒಟ್ಟಿಗೆ ಉರುಳಿದರೆ ಮಾತ್ರ ಅಂಕ. ಒಬ್ಬೊಬ್ಬರಿಗೆ ಒಂದೊಂದು ಹೊತ್ತಿನಲ್ಲಿ ಬರುವ ರೋಗ ಹೀಗೆ ಹೇಳಿ ಮಾಡಿಸಿದಂತೆ ಕೂಡಿ ಬರುತ್ತದೆಯೇ? ಆದರೂ ಲಾಗ ಪೂರ್ತಿ ಹಕ್ಕಿಯ ಹಿಡಿತದಲ್ಲಿ ಇಲ್ಲ. ಸಕಾಲಕ್ಕೆ ನಿಲ್ಲಿಸಲಾಗದೆ ನೆಲಕ್ಕೆ, ಮಾಳಿಗೆಗೆ ಅಪ್ಪಳಿಸಿ ಸಾಯುವ ಹಕ್ಕಿಗಳೂ ಇವೆ. ‘ಖುಷಿಗೆ ಲಾಗ ಹಾಕ್ತದ’ ಎನ್ನುವವರು ಇದನ್ನು ಒಮ್ಮೆ ನೋಡಬೇಕು.

ಇನ್ನು ಗೋಳಗುಮ್ಮಟದ ಪಾರಿವಾಳ. ಮಾಡಿನ ಸಂದು, ಕಲ್ಲಿನ ಗೂಡುಗಳಲ್ಲಿ ಗುಟುರು ಹಾಕುವ ಆ ಬೂದು ಹಕ್ಕಿಯೂ ನಿಮ್ಮ ಓಣಿಯ ರೋಲರ್ ಕೂಡ ಒಂದೇ ಜಾತಿಯವು. ಜಗತ್ತಿನ ಸಾಕು ಪಾರಿವಾಳದ ತಳಿಗಳೆಲ್ಲ ಬಂಡೆಯ ಸಂದಿಯಲ್ಲಿ ಗೂಡು ಮಾಡುವ ಈ ಕಾಡು ಪಾರಿವಾಳದಿಂದ ಬಂದವು. 1656ರ ಹೊತ್ತಿಗೆ ಎದ್ದುನಿಂತ ಗುಮ್ಮಟ ಅವಕ್ಕೆ ಇನ್ನೊಂದು ಬಂಡೆಗುಡ್ಡ, ಅಷ್ಟೇ. ಲಾಗ ಹಾಕುವ ಮರಿಯೊಂದು ಅಲ್ಲಿ ಹುಟ್ಟಿತೆಂದೇ ಇಟ್ಟುಕೊಳ್ಳಿ. ಹಿಂಡಿನಿಂದ ಬೇರೆಯಾಗಿ ತಿರುಗುತ್ತ ಬೀಳುವ ಹಕ್ಕಿಯ ಮೇಲೆ ಡೇಗೆಯ ಕಣ್ಣು ಮೊದಲು ಬೀಳುತ್ತದೆ. ಶತ್ರುವಿನಿಂದ ತಪ್ಪಿಸಿಕೊಳ್ಳಲು ಲಾಗ ಹಾಕುತ್ತವೆ ಎಂಬ ಮಾತು ಈ ಕಾರಣಕ್ಕೇ ನಿಲ್ಲುವುದಿಲ್ಲ. ಕಾಡಿನಲ್ಲಿ ಉಳಿಯದ ಗುಣವನ್ನು ಗೂಡು ಕಟ್ಟಿ, ಕಾಳು ಹಾಕಿ, ಜೋಡಿ ಆರಿಸಿ ಉಳಿಸಿಕೊಂಡು ಬಂದವರು ನಾವು.

ಜೋಡಿಯ ವಿಷಯ ಹುಡುಗನಿಗೆ ಉಪಯೋಗಕ್ಕೆ ಬಂದೀತು. 1972ರಲ್ಲಿ ಎಂಟ್ರಿಕಿನ್ ಮತ್ತು ಎರ್ವೇ ಎಂಬ ಇಬ್ಬರು ಅಮೆರಿಕನ್ ಸಂಶೋಧಕರು ಪ್ರಕಟಿಸಿದ ಅಧ್ಯಯನದ ಪ್ರಕಾರ ಇದು ಅಡಗಿಕೊಂಡು ಬರುವ ಗುಣ. ಅಂದರೆ ರೋಲರ್ ಹಕ್ಕಿ ಗುಮ್ಮಟದ ಪಾರಿವಾಳದ ಜೊತೆ ಕೂಡಿದರೆ ಮರಿಗಳು ಸಾಮಾನ್ಯವಾಗಿ ನೆಟ್ಟಗೇ ಹಾರುತ್ತವೆ. ತಳಿ ಕೆಟ್ಟಿತು ಎಂದು ಅವನ್ನು ಮಾರಿಬಿಡುವವರಿದ್ದಾರೆ. ಆ ಮರಿಗಳನ್ನೇ ತಮ್ಮತಮ್ಮಲ್ಲಿ ಜೋಡಿ ಮಾಡಿದರೆ ಮೊಮ್ಮರಿಗಳಲ್ಲಿ ಕೆಲವಕ್ಕೆ ಲಾಗ ಮರಳಿ ಬರುತ್ತದೆ. ಎಷ್ಟು ಸಲ, ಎಷ್ಟು ಉದ್ದ ಉರುಳಬೇಕೆಂಬುದನ್ನು ಬೇರೆ ಜೀನುಗಳೂ ಏರಿಳಿಸುವುದರಿಂದ ಒಂದೇ ಗೂಡಿನ ಅಣ್ಣತಮ್ಮಂದಿರೂ ಒಂದೇ ತೆರನಾಗಿರುವುದಿಲ್ಲ.

ಅತಿಯಾಗಿ ಉರುಳುವ ಎರಡು ಹಕ್ಕಿಗಳನ್ನು ಜೋಡಿ ಮಾಡಬೇಡ ಎಂದು ಅವನಿಗೆ ತಿಳಿಸಿ. ನೆಲಕ್ಕೆ ಬಡಿಯುವ ಮರಿಗಳು ಅಲ್ಲಿಂದಲೇ ಬರುತ್ತವೆ. ಈ ಲೆಕ್ಕಾಚಾರ ಹಳೆಯದು. ಅಕ್ಬರನ ಆಸ್ಥಾನದಲ್ಲಿ 20,000ಕ್ಕೂ ಹೆಚ್ಚು ಪಾರಿವಾಳಗಳಿದ್ದು, ಅವುಗಳಲ್ಲಿ 500 ಮಾತ್ರ ಖಾಸಾ, ಅಂದರೆ ಆಯ್ದ ದರ್ಜೆಯವು ಎಂದು ಅಬುಲ್ ಫಜಲ್ ‘ಐನ್-ಇ-ಅಕ್ಬರಿ’ಯಲ್ಲಿ ದಾಖಲಿಸಿದ್ದಾನೆ. ಖಾಸಾ ಹಕ್ಕಿ 15 ಚರ್ಖ್, 70 ಬಾಜಿ ಮಾಡಬೇಕು. ಚರ್ಖ್ ಎಂದರೆ ಸುತ್ತು, ಬಾಜಿ ಎಂದರೆ ಇದೇ ಲಾಗ. ಬಾದಶಹನೂ ಎಣಿಸಿ, ಆರಿಸಿ, ಉಳಿದವನ್ನು ಬದಿಗಿಡುತ್ತಿದ್ದ ಎಂದಾಯಿತು.

ಹಾರಿಸುವುದು ಬೆಳಗಿನ ತಂಪಿನಲ್ಲಿ ಆಗಲಿ. ನಮ್ಮ ಕಡೆಯ ಬ್ಯಾಸಗಿ ಬಿಸಿಲು ಮನುಷ್ಯರಿಗೇ ಹೆಚ್ಚು. ತಿಕೋಟಾ, ಬಬಲೇಶ್ವರದ ಹೊಲದಂಚಿನ ಬಯಲು ಇದಕ್ಕೆ ಒಳ್ಳೆಯದು. ವಿಜಯಪುರ ನಗರದ ಓಣಿಗಳಲ್ಲಿ ಕರೆಂಟಿನ ತಂತಿಯೇ ದೊಡ್ಡ ಶತ್ರು. ಎಷ್ಟು ತಾಸು ಹಾರುತ್ತದೆ ಎಂಬ ಪಂದ್ಯಕ್ಕೆ ಈ ಹಕ್ಕಿಯನ್ನು ಇಳಿಸುವುದು ಬೇಡ, ಅದಕ್ಕೆ ಬೇರೆ ತಳಿ ಇದೆ. ಡೇಗೆ, ಬಿಜ್ಜು ಬಂತೆಂದು ಕವಣೆ ಎತ್ತುವುದು ಇನ್ನೂ ಬೇಡ. 1972ರ ವನ್ಯಜೀವಿ ಕಾಯ್ದೆ ಅವನ್ನು ಕಾಯುತ್ತದೆ. ಅಮೆರಿಕದಲ್ಲಿ ತಮ್ಮ ರೋಲರ್‌ಗಳನ್ನು ಉಳಿಸಲು ಗಿಡುಗಗಳನ್ನು ಕೊಂದವರ ಮೇಲೆ 2007ರಲ್ಲಿ ಮೊಕದ್ದಮೆಗಳೇ ಬಿದ್ದವು. ಬಿಜ್ಜು ಸುಳಿದಾಡುವ ದಿನಗಳಲ್ಲಿ ಗೂಡಿನ ಬಾಗಿಲು ಮುಚ್ಚಿಡುವುದೇ ಉಪಾಯ.

ಮುತ್ಯಾನ ಮಾತು ನಿಜವಾಗುವ ಸಂದರ್ಭವೂ ಒಂದಿದೆ. ಎಂದೂ ಲಾಗ ಹಾಕದ ಹಕ್ಕಿ ಇದ್ದಕ್ಕಿದ್ದಂತೆ ನೆಲದ ಮೇಲೆ ತಿರುಗತೊಡಗಿದರೆ, ಕತ್ತು ಹೊರಳಿದರೆ, ಕಾಳಿಗೆ ಗುರಿಯಿಟ್ಟು ಕುಕ್ಕಲಾಗದಿದ್ದರೆ, ಹಿಕ್ಕೆ ನೀರಾಗಿದ್ದರೆ, ಅದು ಕೋಳಿಗಳ ಕೊಕ್ಕರೆ ರೋಗಕ್ಕೆ ಹತ್ತಿರದ ವೈರಾಣುವಿನ ಸೋಂಕಾಗಿರಬಹುದು. ಅಂಥ ಹಕ್ಕಿಯನ್ನು ಕೂಡಲೇ ಬೇರೆ ಗೂಡಿಗೆ ಹಾಕಿ, ಪಶು ವೈದ್ಯರಿಗೆ ತೋರಿಸಿ, ಉಳಿದವಕ್ಕೆ ಲಸಿಕೆಯ ಬಗ್ಗೆ ಕೇಳಬೇಕು. ಗೂಡು ಗುಡಿಸುವಾಗ ಹುಡುಗ ಮೂಗಿಗೆ ಬಟ್ಟೆ ಕಟ್ಟಿಕೊಳ್ಳಲಿ, ಹಿಕ್ಕೆಗೆ ಮೊದಲು ನೀರು ಚಿಮುಕಿಸಲಿ. ಆ ಧೂಳು ವರ್ಷಗಟ್ಟಲೆ ಒಳಗೆ ಹೋದರೆ ಕೆಲವರ ಶ್ವಾಸಕೋಶ ಕೆಡುತ್ತದೆ. ಕೆಮ್ಮು ಬಿಡದಿದ್ದರೆ ಪಾರಿವಾಳ ಸಾಕುವ ಸಂಗತಿಯನ್ನು ಡಾಕ್ಟರಿಗೆ ಮುಚ್ಚಿಡದೆ ಹೇಳಬೇಕು.