ಹೆಲ್ಮೆಟ್ ಇಲ್ಲದ ಕಳ್ಳ



ಹೋದ ತಿಂಗಳು ಇಲ್ಲಿ ಜರ್ಮನಿಯಲ್ಲಿ ನನ್ನ ಸೈಕಲ್ ಕಳುವಾಯ್ತು. ಊರಿಗೆ ಫೋನ್ ಮಾಡಿದಾಗ ಅಪ್ಪ, "ಅಂಥವರನ್ನ ಹತ್ತು ವರ್ಷ ಜೈಲಿಗೆ ಹಾಕಬೇಕು" ಅಂದರು. ಅಮ್ಮ ಕೇಳಿದ್ದು, "ಬೀಗ ಸರಿಯಾಗಿ ಹಾಕಿದ್ಯಾ?" ಹಾಕಿದ್ದೆ, ಆದರೆ ಚಕ್ರಕ್ಕೆ ಮಾತ್ರ. ಕಂಬಕ್ಕೆ ಕಟ್ಟಿರಲಿಲ್ಲ, ಅನಾಮತ್ತಾಗಿ ಎತ್ತಿಕೊಂಡು ಹೋಗಿದ್ದರು. ಅಪರಾಧ ತಡೆಯೋ ಎರಡು ದಾರಿಗಳು ಈ ಎರಡು ಮಾತುಗಳಲ್ಲೇ ಇವೆ.

ಅಪ್ಪನದು ಶಿಕ್ಷೆಯ ಭಯದ ದಾರಿ. 1764ರಲ್ಲೇ ಇಟಲಿಯ ಚೆಸಾರೆ ಬೆಕ್ಕಾರಿಯಾ ಇದಕ್ಕೊಂದು ತಿದ್ದುಪಡಿ ಕೊಟ್ಟಿದ್ದರು: ಶಿಕ್ಷೆ ಎಷ್ಟು ಕಠಿಣ ಅನ್ನೋದಕ್ಕಿಂತ, ಅದು ಎಷ್ಟು ಖಚಿತ ಅನ್ನೋದು ಮುಖ್ಯ. ಈಚಿನ ಸಂಶೋಧನೆಗಳೂ ಬಹುಮಟ್ಟಿಗೆ ಇದನ್ನೇ ಹೇಳುತ್ತವೆ. ಸಿಕ್ಕಿಬೀಳೋದೇ ಇಲ್ಲ ಅಂದುಕೊಂಡವನಿಗೆ ಎರಡು ವರ್ಷವೂ ಒಂದೇ, ಹತ್ತು ವರ್ಷವೂ ಒಂದೇ.

ಅಮ್ಮನದು ಸನ್ನಿವೇಶವನ್ನೇ ಬದಲಿಸೋ ದಾರಿ. ಇದಕ್ಕೆ ಒಳ್ಳೆಯ ಉದಾಹರಣೆ ಇದೇ ದೇಶದ್ದು. 1980ರಲ್ಲಿ ಪಶ್ಚಿಮ ಜರ್ಮನಿ, ಹೆಲ್ಮೆಟ್ ಇಲ್ಲದ ಬೈಕ್ ಸವಾರರಿಗೆ ಸ್ಥಳದಲ್ಲೇ ದಂಡ ಹಾಕೋಕೆ ಶುರುಮಾಡಿತು. ಉದ್ದೇಶ ತಲೆ ಉಳಿಸೋದು. ಆದರೆ ವರ್ಷಕ್ಕೆ ಸುಮಾರು 1.5 ಲಕ್ಷ ಇದ್ದ ಬೈಕ್ ಕಳ್ಳತನ, 1986ರ ಹೊತ್ತಿಗೆ ಸುಮಾರು 54 ಸಾವಿರಕ್ಕೆ ಇಳಿಯಿತು! ಯಾಕೆ? ಬಹಳಷ್ಟು ಕಳ್ಳತನ ಆ ಕ್ಷಣದ ಆಸೆ. ಕದಿಯೋನ ಕೈಯಲ್ಲಿ ಹೆಲ್ಮೆಟ್ ಇರೋದಿಲ್ಲ. ಬರಿತಲೆಯಲ್ಲಿ ಹೊರಟರೆ ಪೊಲೀಸರು ನಿಲ್ಲಿಸುತ್ತಾರೆ.

"ಇಲ್ಲಿ ತಡೆದರೆ ಇನ್ನೊಂದು ಕಡೆ ಕದಿಯುತ್ತಾರೆ, ಅಷ್ಟೇ" ಅಂತೀರಾ? ಕಾರು ಕಳ್ಳತನ ಏರಿತು ನಿಜ, ಆದರೆ ಸುಮಾರು 6 ಸಾವಿರದಷ್ಟು ಮಾತ್ರ. ಸೈಕಲ್ ಕಳ್ಳತನ ಮೊದಲು ಏರಿದರೂ, 1986ರ ಹೊತ್ತಿಗೆ 1980ರ ಮಟ್ಟಕ್ಕಿಂತ ಕೆಳಗಿಳಿದಿತ್ತು. ಅಂದರೆ ಕೈಬಿಟ್ಟ ಕಳ್ಳತನಗಳಲ್ಲಿ ಹೆಚ್ಚಿನವು ನಡೆಯಲೇ ಇಲ್ಲ.

ಜೀವಶಾಸ್ತ್ರದವರಿಗೆ ಇದು ಹೊಸದಲ್ಲ. ಮರುಭೂಮಿಯ ಇಲಿಗಳು ಬೆಳದಿಂಗಳಲ್ಲಿ ಬಯಲಿನ ಕಾಳನ್ನು ಅರ್ಧಕ್ಕೇ ಬಿಟ್ಟು ಹೋಗುತ್ತವೆ, ಗೂಬೆಯ ಕಣ್ಣಿಗೆ ಬೀಳುವ ಭಯ. ಇಲಿ ತೂಗೋದು ಈ ಕ್ಷಣದ ಅಪಾಯವನ್ನ. ಮನುಷ್ಯ ಇಲಿಯಲ್ಲ, ಆದರೂ ಆತುರದ ಲೆಕ್ಕಾಚಾರ ಹಾಗೇ ಇರುತ್ತೆ.

ಎರಡು ಎಚ್ಚರಿಕೆ. ಯೋಜನೆ ಹಾಕಿ ಬರುವ ಕಳ್ಳನಿಗೆ ಸಣ್ಣ ಅಡೆತಡೆ ಸಾಲದು. ಮತ್ತೆ, ಬೀಗ ಮರೆತವರದೇ ತಪ್ಪು ಅಂತ ಇದರ ಅರ್ಥವಲ್ಲ. ತಪ್ಪು ಯಾವತ್ತೂ ಕದ್ದವನದೇ.

ಈಗ ಹೊಸ ಸೈಕಲ್ ಬಂದಿದೆ. ಫ್ರೇಮ್, ಚಕ್ರ ಎರಡನ್ನೂ ಸೇರಿಸಿ ಕಂಬಕ್ಕೆ ಬೀಗ ಹಾಕ್ತೀನಿ, ಅದೂ ಜನ ಓಡಾಡೋ ಕಡೆ. ಫ್ರೇಮಿನ ನಂಬರ್ ಬರೆದಿಟ್ಟಿದ್ದೀನಿ. ನೀವೂ ಇವತ್ತೇ ನಿಮ್ಮ ಸೈಕಲ್‌ದು ಬರೆದಿಡಿ.

ಮುಂದಿನ ಸಂಚಿಕೆಯಲ್ಲಿ ಸಿಗೋಣ.