ಅಂಕಿತನಾಮ: ಅರ್ಥವೂ ಅನುಕರಣವೂ

ಯಡೂರಿನ ವೀರಭದ್ರೇಶ್ವರನ ಸನ್ನಿಧಿಗೆ ಬಂದ ಭಕ್ತನು ಕೃಷ್ಣೆಯಲ್ಲಿ ಮಿಂದು, ‘ವೀರಭದ್ರಾ’ ಎಂದು ದೇವನನ್ನು ಕರೆಯುತ್ತಾನೆ. ಅದೇ ಊರಿನಲ್ಲಿ ತಾಯಿಯೊಬ್ಬಳು ಆಟಕ್ಕೆ ಹೋದ ಮಗನನ್ನು ಅದೇ ಹೆಸರಿನಿಂದ ಕೂಗಬಹುದು. ಪಾಠಶಾಲೆಯಲ್ಲಿ ಉಪಾಧ್ಯಾಯನು, ‘ವೀರಭದ್ರ ಎಂಬುದು ನಾಲ್ಕಕ್ಷರದ ಪದ’ ಎಂದು ಹಲಗೆಯ ಮೇಲೆ ಬರೆಯಬಹುದು. ಶಬ್ದವು ಒಂದೇ ಆದರೂ ಮೊದಲನೆಯ ಪ್ರಯೋಗದಲ್ಲಿ ಅದು ದೇವನನ್ನು, ಎರಡನೆಯದರಲ್ಲಿ ಬಾಲಕನನ್ನು, ಮೂರನೆಯದರಲ್ಲಿ ತನ್ನನ್ನೇ ಹೇಳುತ್ತದೆ. ನಾಲ್ಕಕ್ಷರವುಳ್ಳದ್ದು ದೇವನೂ ಅಲ್ಲ, ಬಾಲಕನೂ ಅಲ್ಲ, ಪದವು ಮಾತ್ರ. ಈ ಭೇದವು ಚಿಕ್ಕದೆಂದು ತೋರಿದರೂ, ವಚನಗಳ ಅಂಕಿತದ ವಿಷಯದಲ್ಲಿ ಇದನ್ನು ಮರೆತರೆ ದೊಡ್ಡ ಪ್ರಮಾದಕ್ಕೆ ಎಡೆಯಾಗುತ್ತದೆ.

೧. ನಾಮದ ಅರ್ಥ

ಪದವು ಅರ್ಥವನ್ನು ತಿಳಿಸುವ ರೀತಿಯನ್ನು ಶಾಸ್ತ್ರಕಾರರು ಯೌಗಿಕ, ರೂಢ, ಯೋಗರೂಢ ಎಂದು ವಿಭಾಗಿಸುತ್ತಾರೆ. ಅವಯವಗಳಿಂದಲೇ ಅರ್ಥವನ್ನು ಕೊಡುವ ‘ಪಾಚಕ’ ಎಂಬಂಥದು ಯೌಗಿಕ. ಅವಯವಾರ್ಥದ ಅಪೇಕ್ಷೆಯಿಲ್ಲದೆ ಬಳಕೆಯಿಂದ ನಿಂತದ್ದು ರೂಢ. ಎರಡೂ ಕೂಡಿದ್ದು ಯೋಗರೂಢ. ‘ಪಂಕಜ’ವೆಂದರೆ ಕೆಸರಿನಲ್ಲಿ ಹುಟ್ಟಿದ್ದು, ಆದರೂ ಕೆಸರಿನಲ್ಲಿ ಹುಟ್ಟಿದ ಹುಳುವನ್ನು ಯಾರೂ ಪಂಕಜವೆನ್ನರು.

ಕೂಡಲಸಂಗಮ ಎಂಬ ಹೆಸರೂ ಇಂಥದೇ. ಹೊಳೆಗಳು ಕೂಡುವ ಸ್ಥಳವೆಂಬುದು ಅದರ ಅವಯವಾರ್ಥ. ಕಲ್ಲೋಳ-ಯಡೂರುಗಳ ಬಳಿಯಲ್ಲಿ ದೂಧಗಂಗೆಯು ಕೃಷ್ಣೆಯನ್ನು ಕೂಡುತ್ತದೆ; ಅದೂ ಸಂಗಮವೇ. ಆದರೆ ಆ ಹೆಸರು ಇದಕ್ಕೆ ಸಲ್ಲದು. ಇದೇ ಕೃಷ್ಣೆಯು ಮೂಡಣಕ್ಕೆ ಹರಿದು ಮಲಪ್ರಭೆಯನ್ನು ಕೂಡುವ ಎಡೆಗೆ, ಅಲ್ಲಿಯ ದೇವನಿಗೆ ಅದು ನಿಂತಿದೆ. ಆ ದೇವನ ಹೆಸರೇ ಬಸವಣ್ಣನವರ ಅಂಕಿತವಾಯಿತು.

೨. ಅನುಕರಣಶಬ್ದ

ಪಾಣಿನಿಯು ಅಷ್ಟಾಧ್ಯಾಯಿಯ ಮೊದಲ ಅಧ್ಯಾಯದ ಮೊದಲ ಪಾದದ 68ನೆಯ ಸೂತ್ರದಲ್ಲಿ, ವ್ಯಾಕರಣದೊಳಗೆ ಶಬ್ದವು ತನ್ನ ಸ್ವರೂಪವನ್ನೇ ಬೋಧಿಸುವುದೆಂದೂ, ಶಾಸ್ತ್ರದ ಪಾರಿಭಾಷಿಕ ಸಂಜ್ಞೆಗಳಿಗೆ ಇದು ಅನ್ವಯಿಸದೆಂದೂ ವಿಧಿಸಿದನು. ಅಗ್ನಿಗೆ ಪ್ರತ್ಯಯವನ್ನು ಹಚ್ಚಬೇಕೆಂದರೆ ಉರಿಯುವ ಕೆಂಡಕ್ಕೆ ಹಚ್ಚಲು ಬರುವುದಿಲ್ಲ; ‘ಅಗ್ನಿ’ ಎಂಬ ಶಬ್ದಕ್ಕೇ ಹಚ್ಚಬೇಕು. ಹೀಗೆ ಇನ್ನೊಂದು ಶಬ್ದವನ್ನು ತೋರಿಸಲು ಉಚ್ಚರಿಸಿದ ಶಬ್ದವು ಅನುಕರಣವೆನಿಸುತ್ತದೆ. ಸಂಸ್ಕೃತದಲ್ಲಿ ‘ಇತಿ’ಯು ಮಾಡುವ ಕೆಲಸವನ್ನು ಕನ್ನಡದಲ್ಲಿ ‘ಎಂಬ’, ‘ಎಂದು’ಗಳು ಮಾಡುತ್ತವೆ.

ಒಂದು ಪರೀಕ್ಷೆಯನ್ನು ನೋಡಬಹುದು. ‘ಕೃಷ್ಣೆಯು ಯಡೂರಿನ ಬಳಿ ಹರಿಯುತ್ತದೆ’ ಎಂಬಲ್ಲಿ ಕೃಷ್ಣೆಗೆ ಬದಲಾಗಿ ಕೃಷ್ಣವೇಣಿ ಎಂದಿಟ್ಟರೂ ವಾಕ್ಯವು ಸತ್ಯವೇ. ‘ಕೃಷ್ಣೆ ಎಂಬುದು ಎರಡಕ್ಷರದ ಪದ’ ಎಂಬಲ್ಲಿ ಹಾಗೆಯೇ ಬದಲಿಸಿದರೆ ವಾಕ್ಯವು ಮಿಥ್ಯೆಯಾಗುತ್ತದೆ. ಮೊದಲ ವಾಕ್ಯವು ನದಿಯನ್ನು ಕುರಿತದ್ದು. ಎರಡನೆಯದು ನುಡಿಯನ್ನು ಕುರಿತದ್ದು. ವಸ್ತುವನ್ನು ಹೇಳುವಲ್ಲಿ ಪರ್ಯಾಯಪದವು ಸಲ್ಲುತ್ತದೆ. ನುಡಿಯನ್ನು ಹೇಳುವಲ್ಲಿ ಸಲ್ಲದು.

ಇನ್ನೊಬ್ಬರ ಮಾತನ್ನು ತಿಳಿಸುವಾಗಲೂ ಕನ್ನಡದಲ್ಲಿ ಎರಡು ದಾರಿಗಳಿವೆ. ‘ನಾಳೆ ಬರುತ್ತೇನೆ ಎಂದು ಅವನು ಹೇಳಿದನು’ ಎಂಬಲ್ಲಿ ‘ಬರುತ್ತೇನೆ’ ಎಂಬ ಉತ್ತಮಪುರುಷವು ವರದಿ ಮಾಡುವವನದಲ್ಲ, ಆಡಿದವನದು. ಅವನ ನುಡಿಯೇ ಇಲ್ಲಿ ಬಂದಿದೆ. ‘ನಾಳೆ ಬರುವುದಾಗಿ ಹೇಳಿದನು’ ಎಂಬಲ್ಲಿ ಬಂದಿರುವುದು ಅಭಿಪ್ರಾಯ ಮಾತ್ರ. ವ್ಯಾಖ್ಯಾನಕಾರನು ‘ಬರುವುದಾಗಿ’ ಎಂಬ ದಾರಿಯವನು. ವಚನಗಳ ಸಂಪಾದಕನು ‘ಎಂದು’ ಎಂಬ ದಾರಿಯವನು. ಇಬ್ಬರ ಹೊಣೆಯೂ ಬೇರೆ.

೩. ಪೂರ್ವಪಕ್ಷ ಮತ್ತು ಸಮಾಧಾನ

ಮಾತೆ ಮಹಾದೇವಿಯವರು ಸಂಪಾದಿಸಿದ ‘ಬಸವ ವಚನ ದೀಪ್ತಿ’ಯಲ್ಲಿ ‘ಕೂಡಲಸಂಗಮದೇವ’ ಎಂಬ ಅಂಕಿತದ ಸ್ಥಾನದಲ್ಲಿ ‘ಲಿಂಗದೇವ’ ಎಂಬುದು ಬಂದಿತು. ಕರ್ನಾಟಕ ಸರ್ಕಾರವು 1998ರಲ್ಲಿ ಗ್ರಂಥವನ್ನು ನಿಷೇಧಿಸಿತು. 2017ರಲ್ಲಿ ಸರ್ವೋಚ್ಚ ನ್ಯಾಯಾಲಯವು ನಿಷೇಧವನ್ನು ಎತ್ತಿಹಿಡಿಯಿತು. ಗ್ರಂಥವನ್ನು ನಿಷೇಧಿಸಬೇಕೆ ಎಂಬುದು ರಾಜನೀತಿಯ ಪ್ರಶ್ನೆ. ಅಂಕಿತವನ್ನು ಬದಲಿಸಿದ ಮೇಲೆ ಅದು ಬಸವಣ್ಣನವರ ವಚನವಾಗಿ ಉಳಿಯುವುದೇ ಎಂಬುದು ಶಬ್ದಶಾಸ್ತ್ರದ ಪ್ರಶ್ನೆ. ಪ್ರಕೃತವಾದದ್ದು ಎರಡನೆಯದು.

ಬದಲಾವಣೆಯ ಪರವಾದ ಪೂರ್ವಪಕ್ಷವನ್ನು ಹೀಗೆ ನಿಲ್ಲಿಸಬಹುದು: ಪರಶಿವನು ಒಬ್ಬನೇ, ಎರಡು ಹೆಸರುಗಳೂ ಅವನನ್ನೇ ಹೇಳುತ್ತವೆ, ಆದ್ದರಿಂದ ಒಂದರ ಎಡೆಯಲ್ಲಿ ಇನ್ನೊಂದನ್ನಿಟ್ಟರೆ ಅರ್ಥಹಾನಿಯಿಲ್ಲ.

ಇದಕ್ಕೆ ಸಮಾಧಾನ: ಭಕ್ತನು ತನ್ನ ಪ್ರಾರ್ಥನೆಯಲ್ಲಿ ಯಾವ ಹೆಸರಿನಿಂದ ಕರೆದರೂ ದೋಷವಿಲ್ಲ, ಅಲ್ಲಿ ನಾಮವು ವಸ್ತುಪರವಾಗಿದೆ. ಆದರೆ ‘ಇದು ಬಸವಣ್ಣನವರ ವಚನ’ ಎಂದೊಡನೆ ವಾಕ್ಯವು ಶಿವನನ್ನು ಕುರಿತದ್ದಾಗಿ ಮಾತ್ರ ಉಳಿಯದೆ, ಬಸವಣ್ಣನವರ ನುಡಿಯನ್ನೂ ಕುರಿತದ್ದಾಗುತ್ತದೆ. ಅಲ್ಲಿ ಪರ್ಯಾಯಪದಕ್ಕೆ ಎಡೆಯಿಲ್ಲ. ಎರಡು ಹೆಸರುಗಳ ಅರ್ಥವು ಒಂದೇ ಎಂಬುದನ್ನು ಒಪ್ಪಿದರೂ, ಅವರು ಅವೆರಡನ್ನೂ ನುಡಿದರೆಂಬುದು ಅದರಿಂದ ಸಿದ್ಧಿಸುವುದಿಲ್ಲ.

೪. ಅಂಕಿತದ ಎರಡು ಕಾರ್ಯ

ಅಂಕಿತವು ದೇವನನ್ನು ಸಂಬೋಧಿಸುತ್ತದೆ. ಜೊತೆಗೆ ನುಡಿದವರಾರೆಂಬುದನ್ನೂ ಸೂಚಿಸುತ್ತದೆ. ಗುಹೇಶ್ವರನೆಂದರೆ ಅಲ್ಲಮಪ್ರಭುಗಳು, ಚೆನ್ನಮಲ್ಲಿಕಾರ್ಜುನನೆಂದರೆ ಅಕ್ಕಮಹಾದೇವಿ, ಕೂಡಲಚೆನ್ನಸಂಗಮದೇವನೆಂದರೆ ಚೆನ್ನಬಸವಣ್ಣನವರು ನೆನಪಿಗೆ ಬರುತ್ತಾರೆ. ಶಿವನೊಬ್ಬನೇ ಎಂಬ ಕಾರಣದಿಂದ ಇವೆಲ್ಲವನ್ನೂ ಒಂದೇ ಹೆಸರಾಗಿಸಿದರೆ ಸಂಬೋಧನೆಯು ಉಳಿದೀತು. ಶರಣರು ಒಬ್ಬರಲ್ಲೊಬ್ಬರು ಕರಗಿಹೋದಾರು. ಅಂಬಿಗರ ಚೌಡಯ್ಯನವರ ವಿಷಯವಂತೂ ವಿಲಕ್ಷಣವಾದುದು. ಅವರ ಅಂಕಿತವು ಅವರ ಹೆಸರೇ. ಅದು ದೇವನನ್ನು ಹೇಳುವುದೇ ಇಲ್ಲ. ಅಲ್ಲಿ ದೇವನಾಮವನ್ನಿಟ್ಟರೆ ಪೂರ್ವಪಕ್ಷಿಯ ‘ಅರ್ಥಹಾನಿಯಿಲ್ಲ’ ಎಂಬ ಮಾತೂ ನಿಲ್ಲದು.

ಇಲ್ಲಿ ಇನ್ನೊಂದು ಶಂಕೆ: ಒಬ್ಬರ ಅಂಕಿತವನ್ನಿಟ್ಟು ಮತ್ತೊಬ್ಬರು ರಚಿಸಿದ ವಚನಗಳೂ ಇರಬಹುದಲ್ಲವೆ? ಇರಬಹುದು. ಹೊಗೆಯು ಬೆಂಕಿಯನ್ನು ಊಹಿಸಲು ಹೇತುವಾಗುವಂತೆ ಅಂಕಿತವು ಕರ್ತೃವನ್ನು ಊಹಿಸಲು ಹೇತು. ಆದರೆ ಅದರಲ್ಲಿ ವ್ಯಭಿಚಾರವುಂಟು. ಆದುದರಿಂದಲೇ ಓಲೆಗಳ ಪಾಠಾಂತರ, ಭಾಷೆ, ಭಾವಗಳನ್ನು ಕೂಡಿಸಿ ನೋಡಬೇಕಾಗುತ್ತದೆ. ಫ. ಗು. ಹಳಕಟ್ಟಿಯವರು (1880–1964) ಮನೆಮನೆಗಳಿಂದ ತಾಳೆಯೋಲೆಗಳನ್ನು ಕೂಡಿಸಿ 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಪ್ರಕಟಿಸಿದರು. ಆ ಓಲೆಗಳಲ್ಲಿ ಅಂಕಿತಗಳು ಅಳಿದಿದ್ದರೆ ಯಾವ ವಚನವು ಯಾರದೆಂದು ವಿಂಗಡಿಸುವುದು ಎಷ್ಟು ದುಷ್ಕರವಾಗುತ್ತಿತ್ತು! ಹೆಜ್ಜೆಯ ಗುರುತು ಮಸುಕಾಗಿದ್ದರೆ ಅದನ್ನು ಕಾಯಬೇಕಲ್ಲದೆ ಒರೆಸಬಾರದು.

ವಚನವನ್ನು ಬಾಯಿಪಾಠ ಮಾಡುವ ಬಾಲಕನಿಂದ ಹಿಡಿದು ಗ್ರಂಥವನ್ನು ಅಚ್ಚು ಹಾಕಿಸುವ ಪಂಡಿತನವರೆಗೆ ಈ ನಿಯಮವು ಒಂದೇ. ತಿಳಿದ ಅರ್ಥವನ್ನು ತನ್ನ ಮಾತಿನಲ್ಲಿ ಹೇಳಲಿ; ಅದಕ್ಕೆ ತಾನೇ ಹೊಣೆಯಾಗಲಿ. ಶರಣರ ಮಾತನ್ನು ಅವರ ಹೆಸರಿನಲ್ಲಿ ಹೇಳುವಾಗ ಅಕ್ಷರವನ್ನೂ ಕಾಯಲಿ. ಹೆಸರು ಬದಲಾದರೆ ನಾಮಾತೀತನಾದ ಶಿವನಿಗೆ ನಷ್ಟವೇನೂ ಇಲ್ಲ. ನಷ್ಟವಾಗುವುದು ನುಡಿದ ಶರಣನಿಗೆ. ಏಕೆಂದರೆ ತನ್ನ ನುಡಿ ಇದಲ್ಲವೆಂದು ಹೇಳಲು ಅವನು ಇಂದು ಎದುರಿನಲ್ಲಿಲ್ಲ.

ಅಭ್ಯಾಸಕ್ಕಾಗಿ

೧) ‘ಬಸವ’ ಎಂಬ ಪದವು ವಸ್ತುಪರವಾಗಿಯೂ ಸ್ವರೂಪಪರವಾಗಿಯೂ ಬರುವಂತೆ ಒಂದೊಂದು ವಾಕ್ಯವನ್ನು ರಚಿಸಿರಿ.
೨) ಗುರುಗಳಿಂದ ಕೇಳಿದ ಒಂದು ಮಾತನ್ನು ‘ಎಂದು’ ಸೇರಿಸಿ ಒಮ್ಮೆಯೂ, ‘-ಉದಾಗಿ’ ಸೇರಿಸಿ ಒಮ್ಮೆಯೂ ಬರೆದು ಭೇದವನ್ನು ವಿವರಿಸಿರಿ.
೩) ಅಂಬಿಗರ ಚೌಡಯ್ಯನವರ ಅಂಕಿತವು ಬಸವಣ್ಣನವರ ಅಂಕಿತಕ್ಕಿಂತ ಹೇಗೆ ಭಿನ್ನ?